ಮಲೆನಾಡಿನ ಬೇಸಿಗೆ ಮತ್ತು ಮುನ್ನೋಟಕ್ಕೆ ಸಿಗದ ಆ ಒಂದು ಇಂಚು ಮಳೆ

ಪ್ರತಿ ವರ್ಷ ಫೆಬ್ರುವರಿ ಕೊನೆಗೆ ಒಮ್ಮೆ, ಮಾರ್ಚ್ ಕೊನೆಗೆ ಇನ್ನೊಮ್ಮೆ ಭಾರತೀಯ ಹವಾಮಾನ ಇಲಾಖೆ ಬೇಸಿಗೆಯ ಮುನ್ನೋಟ ಕೊಡುತ್ತದೆ. 2016ರಿಂದ ಈ ಪದ್ಧತಿ ನಡೆದುಬಂದಿದೆ. ಮಾರನೇ ದಿನ ಸುದ್ದಿಯಲ್ಲಿ ‘ದಕ್ಷಿಣ ಒಳನಾಡಿನಲ್ಲಿ ವಾಡಿಕೆಗಿಂತ ಹೆಚ್ಚು ಬಿಸಿಲು’ ಎಂಬಂಥ ಒಂದು ಸಾಲು ಬರುತ್ತದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ತೀರ್ಥಹಳ್ಳಿ ಕಡೆಯವರು ಆ ಸಾಲನ್ನು ಓದಿ ಏನು ತಿಳಿದುಕೊಳ್ಳಬೇಕು?

ಮೊದಲು ಈ ‘ದಕ್ಷಿಣ ಒಳನಾಡು’ ಎಷ್ಟು ದೊಡ್ಡದು ನೋಡೋಣ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕರ್ನಾಟಕಕ್ಕೆ ಮೂರೇ ಭಾಗ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯೂ ದಕ್ಷಿಣ ಒಳನಾಡೇ. ಕುರಿ ಮೇಯಿಸಲು ಹಸಿರು ಹುಡುಕಬೇಕಾದ ಚಳ್ಳಕೆರೆಯೂ ದಕ್ಷಿಣ ಒಳನಾಡೇ. ಎರಡಕ್ಕೂ ಸೇರಿಸಿ ಒಂದು ಸರಾಸರಿ ಹೇಳಿದರೆ ಅದು ಎರಡೂ ಊರಿಗೆ ಸರಿಹೊಂದುವುದಿಲ್ಲ, ಅಲ್ವಾ?

ಕಂಪ್ಯೂಟರ್ ಮಾದರಿಯ ಕಷ್ಟವೂ ಇದೇ. ಇಡೀ ಋತುವಿನ ಲೆಕ್ಕ ಹಾಕುವ ಮಾದರಿಗಳು ನೆಲವನ್ನು ದೊಡ್ಡ ದೊಡ್ಡ ಚೌಕಗಳಾಗಿ ಕತ್ತರಿಸಿಕೊಳ್ಳುತ್ತವೆ. ಒಂದೊಂದು ಚೌಕ ಹತ್ತಾರು ಕಿಲೋಮೀಟರ್ ಅಗಲ. ಆದರೆ ಸೋಮೇಶ್ವರದಿಂದ ಘಾಟಿ ಹತ್ತಿ ಆಗುಂಬೆ ಮುಟ್ಟಲು ಅಷ್ಟು ದೂರವೇ ಇಲ್ಲ. ಅಷ್ಟರಲ್ಲೇ ಗಾಳಿ, ತೇವ, ಕಾಡು ಎಲ್ಲ ಬದಲಾಗಿರುತ್ತದೆ. ಮಾದರಿಯ ಕಣ್ಣಿಗೆ ಘಾಟಿಯ ಬುಡ, ನೆತ್ತಿ, ಆಚೆಗಿನ ಇಳಿಜಾರು ಎಲ್ಲವೂ ಒಂದೇ ಚೌಕದೊಳಗಿನ ಸಮತಟ್ಟು ದಿಬ್ಬ.

ಹಾಗಂತ ಮುನ್ನೋಟ ಸುಮ್ನೆ ಕೊಡುವುದಲ್ಲ. ಬಿಸಿಲಿನ ವಿಷಯದಲ್ಲಿ ಅದಕ್ಕೆ ಗಟ್ಟಿ ಆಧಾರವಿದೆ. ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗುವ ಎಲ್ ನಿನೊ ವರ್ಷದ ಬೆನ್ನಿಗೆ ಬರುವ ಬೇಸಿಗೆ ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಜಾಸ್ತಿ ಸುಡುತ್ತದೆ. 2016ರಲ್ಲಿ ಹಾಗಾಯಿತು, 2024ರಲ್ಲೂ ಹಾಗೇ ಆಯಿತು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ನೆಲದಲ್ಲಿ ತೇವವಿಲ್ಲದಿದ್ದರೆ ಬಿಸಿಲಿನ ಶಕ್ತಿ ನೀರನ್ನು ಆವಿ ಮಾಡುವುದರಲ್ಲಿ ಖರ್ಚಾಗುವುದಿಲ್ಲ. ಅದೆಲ್ಲ ನೆಲವನ್ನೂ ಗಾಳಿಯನ್ನೂ ಕಾಯಿಸುತ್ತದೆ. ಬರದ ಮೇಲೆ ಬಂದ ಬೇಸಿಗೆ ಇನ್ನಷ್ಟು ಉರಿಯುವುದು ಇದಕ್ಕೇ.

ಬೆಟ್ಟದ ಊರಿನ ಬಿಸಿಲನ್ನು ಬಯಲಿನ ಅಳತೆಯಲ್ಲಿ ಅಳೆಯುವಂತಿಲ್ಲ. ಒಂದು ಕಿಲೋಮೀಟರ್ ಮೇಲೇರಿದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಮಡಿಕೇರಿ ಇರುವುದು ಸುಮಾರು 1,100 ಮೀಟರ್ ಎತ್ತರದಲ್ಲಿ. ಅದಕ್ಕೇ ಬಿಸಿಗಾಳಿ ಎಂದು ಹೇಳಲು ಹವಾಮಾನ ಇಲಾಖೆ ಬಯಲಿಗೆ ಕನಿಷ್ಠ 40 ಡಿಗ್ರಿ, ಬೆಟ್ಟಪ್ರದೇಶಕ್ಕೆ ಕನಿಷ್ಠ 30 ಡಿಗ್ರಿ ಎಂಬ ಬೇರೆ ಬೇರೆ ಗೆರೆ ಹಾಕಿದೆ. ಜೊತೆಗೆ ಆ ದಿನದ ಉಷ್ಣಾಂಶ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ರಾಯಚೂರಿನವರಿಗೆ 34 ಡಿಗ್ರಿ ಎಂದರೆ ತಂಪು ದಿನ. ಬೆಟ್ಟದ ಮೇಲಿನ ಊರಿಗೆ ಅದೇ 34 ಬಿಸಿಗಾಳಿ ಎನಿಸಿಕೊಳ್ಳಬಹುದು. ಅಲ್ಲಿನ ಗಿಡಮರ, ಜೇನು, ಹಳ್ಳದ ಮೀನು, ಮನೆಯ ಹೆಂಚು ಯಾವುದೂ ಆ ಬಿಸಿಗೆ ಒಗ್ಗಿದ್ದಲ್ಲ. ‘ನಮ್ಮಲ್ಲಿ ಇನ್ನೂ 35 ಕೂಡ ದಾಟಿಲ್ಲ’ ಎಂದು ಮಲೆನಾಡಿನವರು ನಿಶ್ಚಿಂತೆಯಿಂದ ಇರುವುದು ನನಗೆ ಆತಂಕದ ವಿಷಯವಾಗಿ ಕಾಣುತ್ತದೆ.

ಈಗ ಮಳೆಗೆ ಬರೋಣ. ಮಲೆನಾಡಿನ ಬೇಸಿಗೆ ಹೇಗಿತ್ತು ಎಂದು ತೀರ್ಮಾನವಾಗುವುದು ಥರ್ಮಾಮೀಟರಿನಲ್ಲಲ್ಲ, ಒಂದೆರಡು ಮಳೆಯಲ್ಲಿ. ಕಾಫಿ ತೋಟದವರು ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ‘ನಿಮ್ಮಲ್ಲಿ ಎಷ್ಟಾಯ್ತು?’ ಎಂದರೆ ‘ಎಂಬತ್ತು ಸೆಂಟ್’ ಎಂಬ ಉತ್ತರ ಬರುತ್ತದೆ.

ಈ ಸೆಂಟಿನ ಲೆಕ್ಕಕ್ಕೆ ಕಾರಣವಿದೆ. ಮುಂಗಾರು ಮುಗಿದ ಮೇಲೆ ಕಾಫಿ ಗಿಡದಲ್ಲಿ ಮೊಗ್ಗು ಹುಟ್ಟುತ್ತದೆ. ಒಣಹವೆಯಲ್ಲಿ ಅದು ಬೆಳೆಯುವುದನ್ನು ನಿಲ್ಲಿಸಿ ಮಲಗಿಬಿಡುತ್ತದೆ. ಅದನ್ನು ಎಬ್ಬಿಸಲು ಒಂದರಿಂದ ಒಂದೂವರೆ ಇಂಚು ಮಳೆ ಒಮ್ಮೆಲೇ ಬೇಕು. ಅದೇ ಹೂಮಳೆ. ಮಳೆಯಾಗಿ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ. ಬರೀ ಹತ್ತಿಪ್ಪತ್ತು ಸೆಂಟ್ ಉದುರಿಸಿ ಮೋಡ ಹೋಗಿಬಿಟ್ಟರೆ ಅದು ಮಳೆ ಬಾರದಿರುವುದಕ್ಕಿಂತ ಕೆಟ್ಟದ್ದು. ಮೊಗ್ಗು ಅರ್ಧ ಎದ್ದು, ಸರಿಯಾಗಿ ಅರಳದೆ ಕೆಡುತ್ತದೆ. ಹೂವು ಬಿರಿದ ದಿನವೇ ಜಡಿಮಳೆ ಬಂದರೂ ನಷ್ಟ, ಪರಾಗ ತೊಳೆದುಹೋಗುತ್ತದೆ. ರೊಬಸ್ಟಾ ಜಾತಿಯ ಕಾಫಿಗಂತೂ ಒಂದು ಗಿಡದ ಪರಾಗ ಇನ್ನೊಂದು ಗಿಡಕ್ಕೆ ಹೋಗಲೇಬೇಕು, ಗಾಳಿ ಮತ್ತು ಜೇನು ಓಡಾಡಲು ಬಿಸಿಲು ಬೇಕು. ಇದೆಲ್ಲ ಸುಸೂತ್ರವಾಗಿ ಮುಗಿದು ಎರಡು, ಮೂರು ವಾರದೊಳಗೆ ಇನ್ನೊಂದು ಮಳೆ ಬರಬೇಕು. ಅದಕ್ಕೆ ತೋಟದವರ ಮಾತಿನಲ್ಲಿ ಬ್ಯಾಕಿಂಗ್ ಮಳೆ. ಅದು ತಪ್ಪಿದರೆ ಕಟ್ಟಿದ ಎಳೆಕಾಯಿ ನಿಲ್ಲುವುದಿಲ್ಲ.

ಅಂದರೆ ಬೆಳೆಗಾರನ ಪ್ರಶ್ನೆ ‘ಮಾರ್ಚ್‌ನಿಂದ ಮೇವರೆಗೆ ಒಟ್ಟು ಎಷ್ಟು ಮಳೆ?’ ಎಂಬುದಲ್ಲ. ಯಾವ ದಿನ, ಯಾವ ತೋಟದ ಮೇಲೆ, ಒಂದೇ ಸಲಕ್ಕೆ ಎಷ್ಟು ಸೆಂಟ್ ಎಂಬುದು. ಒಟ್ಟು ಮಳೆ ವಾಡಿಕೆಯಷ್ಟೇ ಆಗಿಯೂ ಫಸಲು ಹೋಗಬಹುದು.

ಈ ಪ್ರಶ್ನೆಗೆ ತಿಂಗಳ ಮೊದಲೇ ಉತ್ತರ ಯಾಕಿಲ್ಲ? ಬೇಸಿಗೆ ಮಳೆ ಹುಟ್ಟುವ ಬಗೆಯೇ ಹಾಗೆ. ಮುಂಗಾರಿನಲ್ಲಿ ಸಾವಿರಾರು ಕಿಲೋಮೀಟರ್ ಉದ್ದದ ಗಾಳಿಯ ಹೊಳೆಯೇ ಬಂದು ಘಟ್ಟಕ್ಕೆ ಬಡಿಯುತ್ತದೆ. ಬೇಸಿಗೆಯ ಗುಡುಗುಮಳೆ ಸ್ಥಳೀಯ ಸಂಗತಿ. ಬೆಳಗಿನ ಬಿಸಿಲಿಗೆ ಇಳಿಜಾರು ಕಾಯುತ್ತದೆ. ಅದಕ್ಕೆ ತಾಗಿದ ಗಾಳಿ ಹಗುರಾಗಿ ಬೆಟ್ಟ ಹತ್ತುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದಿಂದ ಕಡಲಗಾಳಿ ತೇವ ಹೊತ್ತು ತಂದರೆ, ಮೇಲಿನ ಗಾಳಿ ಸಾಕಷ್ಟು ತಣ್ಣಗಿದ್ದರೆ, ಮೋಡ ಹತ್ತು ಕಿಲೋಮೀಟರಿಗೂ ಮೇಲೆ ಬೆಳೆದು ಸಂಜೆ ಸಿಡಿಲು, ಆಲಿಕಲ್ಲಿನ ಜೊತೆ ಸುರಿಯುತ್ತದೆ. ಬಹಳಷ್ಟು ಸಲ ವಿದರ್ಭದ ಕಡೆಯಿಂದ ಕರ್ನಾಟಕದ ಒಳನಾಡಿನವರೆಗೆ ಚಾಚಿದ ಕಡಿಮೆ ಒತ್ತಡದ ಪಟ್ಟಿಯೊಂದು ಇದಕ್ಕೆ ಇಂಬು ಕೊಡುತ್ತದೆ. ಆ ಪಟ್ಟಿ ನಾಲ್ಕೈದು ದಿನ ಮೊದಲೇ ಕಾಣುತ್ತದೆ. ಆದರೆ ಮೋಡ ಯಾವ ಬೆಟ್ಟದ ನೆತ್ತಿಯಲ್ಲಿ ಹುಟ್ಟುತ್ತದೆ ಎಂಬುದು ತಿಳಿಯುವುದು ಅದೇ ಮಧ್ಯಾಹ್ನ. ಮಳೆಯ ಪಟ್ಟೆ ಕೆಲವೇ ಕಿಲೋಮೀಟರ್ ಅಗಲ ಇರುತ್ತದೆ. ಒಂದು ತೋಟಕ್ಕೆ ಒಂದೂವರೆ ಇಂಚು ಸುರಿದು, ಹಳ್ಳದಾಚೆಯ ಊರಲ್ಲಿ ಧೂಳೂ ಅಡಗಿರುವುದಿಲ್ಲ.

ಮುನ್ನೋಟ ಕೊಡುವುದು ಸಾಧ್ಯತೆಯನ್ನು ಮಾತ್ರ. ಹಿಂದಿನ ಮೂವತ್ತು ವರ್ಷಗಳನ್ನು ಹೆಚ್ಚು, ವಾಡಿಕೆ, ಕಡಿಮೆ ಎಂದು ಮೂರು ಸಮಪಾಲು ಮಾಡಿ, ಈ ಸಲ ಯಾವ ಪಾಲಿನ ಕಡೆಗೆ ವಾಲಬಹುದು ಎನ್ನುತ್ತದೆ. ‘ಹೆಚ್ಚು ಬಿಸಿಲಿಗೆ 55 ಶೇಕಡಾ’ ಎಂದರೆ ಹಾಗಾಗದಿರಲು 45 ಇದೆ. 2025ರ ಮಾರ್ಚ್ ಕೊನೆಯಲ್ಲಿ ದೇಶದ ಬಹುಭಾಗಕ್ಕೆ ವಾಡಿಕೆಗಿಂತ ಹೆಚ್ಚು ಬಿಸಿಲು ಎಂಬ ಮುನ್ನೋಟವಿತ್ತು. ಮೇ ತಿಂಗಳಲ್ಲಿ ಮಳೆಯೋ ಮಳೆ. ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದಿದ್ದು ಅದೇ. ಇದನ್ನು ಇಲಾಖೆಯ ಸೋಲು ಎಂದು ನಾನು ಎಣಿಸುವುದಿಲ್ಲ. ಮೂರು ತಿಂಗಳ ಸರಾಸರಿಯೊಳಗೆ ಇಂಥ ಹದಿನೈದು ದಿನಗಳು ಅಡಗಿರಲು ಯಾವಾಗಲೂ ಜಾಗವಿದೆ.

ಹಾಗಾದರೆ ಬಳಸುವುದು ಹೇಗೆ? ಬಿಸಿಲು ಹೆಚ್ಚು ಎಂದು ಮುನ್ನೋಟ ಬಂದರೆ ಅದನ್ನು ನೀರಿನ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಕೆರೆಯಲ್ಲಿ ಉಳಿದ ನೀರು ಹೂಮಳೆ ಬಾರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್‌ನಲ್ಲಿ ಹಾಯಿಸಲು ಸಾಕೇ, ಬ್ಯಾಕಿಂಗ್‌ಗೂ ಉಳಿಯುತ್ತದೆಯೇ, ಅಡಿಕೆ ಬುಡಕ್ಕೆ ಸೊಪ್ಪಿನ ಮುಚ್ಚಿಗೆ ಎಷ್ಟು ದಪ್ಪ ಹಾಕಬೇಕು, ಊರಿನ ಕುಡಿಯುವ ನೀರಿಗೆ ಏನು ದಾರಿ, ಇವೆಲ್ಲ ಫೆಬ್ರುವರಿಯಲ್ಲೇ ಕೂತು ಮಾತಾಡುವ ವಿಷಯಗಳು. ಮಳೆಯ ವಿಷಯಕ್ಕೆ ಐದು ದಿನದ ಮುನ್ಸೂಚನೆ, ಅದೇ ದಿನದ ಸಿಡಿಲಿನ ಎಚ್ಚರಿಕೆ ನೋಡಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ ಕೇಳಲೂಬಹುದು.

ನನಗೆ ತುಂಬಾ ಬೇಕೆನಿಸುವ ಕೆಲಸ ಇನ್ನೊಂದಿದೆ. ಮಲೆನಾಡಿನ ಎಷ್ಟೋ ತೋಟಗಳಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ದಿನದಿನದ ಲೆಕ್ಕ, ಇಂಚು ಸೆಂಟಿನಲ್ಲಿ. ಯಾವ ಕಣಿವೆಗೆ ಹೂಮಳೆ ಯಾವ ವಾರ ಬರುತ್ತಿತ್ತು, ಈಗ ಎಷ್ಟು ಸರಿದಿದೆ ಎಂಬುದಕ್ಕೆ ಇಷ್ಟು ಸೂಕ್ಷ್ಮ ದಾಖಲೆ ಬೇರೆಲ್ಲಿ ಸಿಗುತ್ತದೆ? ಕೆಲವು ಪುಸ್ತಕಗಳಿಗೆ ಈಗಲೇ ಗೆದ್ದಲು ಹತ್ತಿರಬಹುದು. ಅವುಗಳ ಫೋಟೊ ತೆಗೆದು, ಅಂಕಿಗಳನ್ನು ಕಂಪ್ಯೂಟರಿಗೆ ಹತ್ತಿಸಿ, ಹವಾಮಾನ ವಿಜ್ಞಾನಿಗಳ ಕೈಗೆ ಕೊಡುವ ಕೆಲಸವನ್ನು ಬೆಳೆಗಾರರ ಸಂಘಗಳೂ ಕಾಲೇಜು ಹುಡುಗರೂ ಸೇರಿ ಮಾಡಬಹುದು. ಬೆಟ್ಟದ ಊರುಗಳಿಗೆ ದಕ್ಷಿಣ ಒಳನಾಡಿನ ಸರಾಸರಿಯಿಂದ ಬೇರೆಯಾದ, ತಮ್ಮದೇ ಆದ ಮುನ್ನೋಟ ಬೇಕೆಂದರೆ ಮಾದರಿಗಳನ್ನು ತಿದ್ದಲು ಬೇಕಾಗುವುದು ಇಂಥ ಅಂಕಿಗಳೇ.