ಉಪ್ಪಿನ ಕೆಳಗೆ ಏನೈತೆ ಅಂತ ನೋಡೋದು ಯಾಕಿಷ್ಟು ಕಷ್ಟ?

ಪ್ರಶ್ನೆ: ಅಣ್ಣಾ, ಸಮುದ್ರದ ತಳದಿಂದ ಎಷ್ಟೋ ಕಿಲೋಮೀಟರ್ ಕೆಳಗಿರೋ ತೈಲಾನೇ ಹುಡುಕ್ತಾರೆ, ಮಧ್ಯೆ ಉಪ್ಪಿನ ಪದರ ಬಂದ್ರೆ ಮಾತ್ರ ಕೆಳಗಿನದು ಕಾಣಲ್ಲ ಅಂತಾರಲ್ಲ, ಉಪ್ಪು ಅಷ್ಟು ಗಟ್ಟಿನಾ? (ದಾವಣಗೆರೆಯ ಬಿಎಸ್ಸಿ ವಿದ್ಯಾರ್ಥಿ)

ಗಟ್ಟಿ ಅನ್ನೋದಲ್ಲ ತಮ್ಮಾ, ಉಪ್ಪಿನೊಳಗೆ ಶಬ್ದ ಓಡೋ ಸ್ಪೀಡ್ ಐತಲ್ಲ, ಅದೇ ತೊಂದ್ರೆ.

ನಮ್ಮ ದುರ್ಗದ ಕೋಟೇಲಿ ದೊಡ್ಡ ಬಂಡೆ ಎದುರು ನಿಂತು ಕೂಗಿದ್ರೆ ದನಿ ವಾಪಸ್ ಬರತ್ತೆ, ಸರಿಯಾಗಿ ಒಂದು ಸೆಕೆಂಡಿಗೆ ಬಂತು ಅಂದ್ರೆ ಬಂಡೆ ಸುಮಾರು 170 ಮೀಟರ್ ದೂರ ಐತೆ ಅಂತ ಲೆಕ್ಕ, ಯಾಕಂದ್ರೆ ಗಾಳೀಲಿ ಶಬ್ದ ಸೆಕೆಂಡಿಗೆ ಹತ್ರತ್ರ 340 ಮೀಟರ್ ಹೋಗತ್ತೆ ಅಂತ ನಮಗೆ ಮೊದ್ಲೇ ಗೊತ್ತು. ಸಮುದ್ರದಲ್ಲೂ ಹಂಗೇ, ಹಡಗಿಂದ ಏರ್‌ಗನ್ (ಒತ್ತಿಟ್ಟ ಗಾಳಿ ಒಮ್ಮೆಲೇ ಬಿಟ್ಟು ಶಬ್ದ ಮಾಡೋ ಯಂತ್ರ) ಹೊಡೆದು ಕೆಳಗಿನ ಪದರಗಳಿಂದ ಬರೋ ಮಾರ್ದನಿ ರೆಕಾರ್ಡ್ ಮಾಡ್ತಾರೆ. ಸಿಗೋದು ಟೈಮ್ ಮಾತ್ರ. ಆಳ ಬೇಕಂದ್ರೆ ಸ್ಪೀಡ್ ಗೊತ್ತಿರಬೇಕು.

ಉಪ್ಪಲ್ಲಿ ಸ್ಪೀಡ್ ಸೆಕೆಂಡಿಗೆ ಸುಮಾರು 4500 ಮೀಟರ್, ಸುತ್ತಲಿನ ಮರಳು, ಜೇಡಿ ಪದರಗಳಲ್ಲಿ ಎಷ್ಟೋ ಕಡೆ 2500, 3000 ಅಷ್ಟೇ. ಈಗ 2 ಕಿಲೋಮೀಟರ್ ದಪ್ಪ ಉಪ್ಪು ಅಂದ್ಕೋ, ಶಬ್ದ ಹೋಗಿ ಬರೋಕೆ 0.89 ಸೆಕೆಂಡ್. ಅಲ್ಲಿ ಉಪ್ಪಿರೋದು ಗೊತ್ತಾಗ್ದೆ 3000 ಅಂತ ಹಾಕಿದ್ರೆ ದಪ್ಪ 1.3 ಕಿಲೋಮೀಟರ್ ಅಂತ ಬರತ್ತೆ, ಕೆಳಗೆ ಮಟ್ಟಸವಾಗಿ ಮಲಗಿರೋ ಪದರ ಚಿತ್ರದಲ್ಲಿ ಸುಮಾರು 670 ಮೀಟರ್ ಮೇಲೆದ್ದು ಗುಡ್ಡದ ತರ ಕಾಣತ್ತೆ. ಇಲ್ಲದಿರೋ ಗುಡ್ಡ ಅದು, ಅದನ್ನ ನಂಬಿ ಬಾವಿ ಕೊರೆದ್ರೆ ಹಾಕಿದ ದುಡ್ಡೆಲ್ಲ ನೀರಲ್ಲಿ ಹೋಮ.

ಉಪ್ಪು ಸುಮ್ನೆ ಚಪ್ಪಟೆ ಇದ್ದಿದ್ರೆ ಇದನ್ನ ಸರಿ ಮಾಡ್ಕೋಬಹುದಿತ್ತು. ಆದ್ರೆ ಮೇಲಿನ ಭಾರಕ್ಕೆ ಅದು ಲಕ್ಷಾಂತರ ವರ್ಷ ನಿಧಾನಕ್ಕೆ ಹರಿಯತ್ತೆ, ಒತ್ತಿ ಗಟ್ಟಿಯಾದ ಪದರಗಳಿಗಿಂತ ಹಗುರ ಬೇರೆ, ಅದಕ್ಕೇ ಮೇಲಕ್ಕೆ ನುಗ್ಗಿ ಕಂಬ ಆಗತ್ತೆ, ಅಣಬೆ ತರ ಅಗಲ ಆಗತ್ತೆ. ಮೆಕ್ಸಿಕೋ ಕೊಲ್ಲಿಯ ಜುರಾಸಿಕ್ ಕಾಲದ ಉಪ್ಪು ಹಂಗೇ ಆಗಿರೋದು. ಹೊಂಡದ ನೀರಿಗೆ ಕೋಲು ಇಳಿಸಿದ್ರೆ ಮುರಿದಂಗೆ ಕಾಣತ್ತಲ್ಲ, ಹಂಗೆ ಶಬ್ದಾನೂ ಉಪ್ಪಿನ ಅಂಚಲ್ಲಿ ಬಾಗತ್ತೆ, ಅಂಚೇ ಅಂಕುಡೊಂಕಾದ್ರೆ ಒಂದೊಂದು ಕಡೆ ಒಂದೊಂದು ದಿಕ್ಕಿಗೆ.

ಇಲ್ಲೇ ನಿಜವಾದ ಸಿಕ್ಕು ಇರೋದು. ಚಿತ್ರ ಬೇಕಂದ್ರೆ ಉಪ್ಪಿನ ಆಕಾರ, ಸ್ಪೀಡ್ ಗೊತ್ತಿರಬೇಕು, ಅದು ಗೊತ್ತಾಗಬೇಕಂದ್ರೆ ಚಿತ್ರ ಬೇಕು. ಅದಕ್ಕೆ ಇನ್ವರ್ಷನ್ ಅಂತ ಮಾಡ್ತಾರೆ, ಮೊದ್ಲು ಒಂದು ಅಂದಾಜು ಭೂಮಿ ಕಂಪ್ಯೂಟರಲ್ಲಿ ಕಟ್ಟಿ, ಅದರೊಳಗೆ ಅಲೆ ಓಡಿಸಿ, ಬಂದಿದ್ದನ್ನ ನಿಜವಾದ ರೆಕಾರ್ಡಿಂಗ್ ಜೊತೆ ಹೋಲಿಸಿ, ವ್ಯತ್ಯಾಸ ಕಮ್ಮಿ ಆಗೋವರೆಗೂ ತಿದ್ದುತಾ ಹೋಗೋದು. ಫುಲ್ ವೇವ್‌ಫಾರ್ಮ್ ಇನ್ವರ್ಷನ್ ಅಂದ್ರೆ ಇದೇ. 1980ರ ದಶಕದ ಐಡಿಯಾ, ಆದ್ರೆ ಅಷ್ಟು ಲೆಕ್ಕ ಮಾಡೋ ಕಂಪ್ಯೂಟರ್ ಬರೋಕೆ ದಶಕಗಳೇ ಬೇಕಾಯ್ತು.

ಇದರಲ್ಲೂ ಮೋಸ ಹೋಗಬಹುದು. ಡೊಳ್ಳು ಬಾರಿಸುವಾಗ ಒಬ್ಬ ಪೂರ್ತಿ ಒಂದು ಪೆಟ್ಟು ಹಿಂದೆ ಬಿದ್ರೂ ಪೆಟ್ಟಿಗೆ ಪೆಟ್ಟು ಕೂಡಿದಂಗೇ ಕೇಳ್ಸತ್ತೆ, ಅಲೇನೂ ಹಂಗೆ ಒಂದು ಏರಿಳಿತ ಜಾರಿ ತಪ್ಪು ಜಾಗಕ್ಕೆ ಕೂತ್ಕೊಳ್ಳತ್ತೆ, ಕಂಪ್ಯೂಟರ್ ಸರಿ ಹೊಂದ್ತು ಅಂದ್ಕೊಳ್ಳತ್ತೆ. ಪೆಟ್ಟು ನಿಧಾನ ಇದ್ರೆ, ಅಂದ್ರೆ ಕಡಿಮೆ ಫ್ರೀಕ್ವೆನ್ಸಿ ಇದ್ರೆ, ಈ ಜಾರಾಟ ಕಮ್ಮಿ, ಅದಕ್ಕೇ ಈಗ ಸಮುದ್ರದ ತಳದಲ್ಲೇ ರಿಸೀವರ್ ಇಟ್ಟು ದೂರದೂರದಿಂದ, ಎಲ್ಲಾ ದಿಕ್ಕಿಂದ ಶಬ್ದ ಹೊಡೆದು ಕಡಿಮೆ ಫ್ರೀಕ್ವೆನ್ಸಿ ಹಿಡಿಯೋಕೆ ಒದ್ದಾಡ್ತಾರೆ. ಮೆಕ್ಸಿಕೋ ಕೊಲ್ಲಿಯ ಅಟ್ಲಾಂಟಿಸ್ ಅನ್ನೋ ತೈಲ ಫೀಲ್ಡಲ್ಲಿ ಈ ಲೆಕ್ಕದಿಂದ ಇನ್ನೂ 20 ಕೋಟಿ ಬ್ಯಾರೆಲ್ ಸಿಗತ್ತೆ ಅಂತ ಬಿಪಿ ಕಂಪನಿ 2017ರಲ್ಲಿ ಹೇಳ್ತು.

ಆದ್ರೂ ಕೆಲವು ಜಾಗ ಕತ್ತಲೇನೇ. 2500ರ ಪದರದಿಂದ 4500ರ ಉಪ್ಪಿಗೆ ಅಲೆ, ಅಂಚಿಗೆ ಲಂಬವಾಗಿರೋ ಗೆರೆಯಿಂದ ಸುಮಾರು 34 ಡಿಗ್ರಿಗಿಂತ ಓರೆಯಾಗಿ ಬಂದ್ರೆ ನೇರ ಒಳಗೇ ಹೋಗಲ್ಲ, ಹೆಚ್ಚಾಗಿ ವಾಪಸ್. ಅಂಚಲ್ಲಿ ಅಲೆ ಎಷ್ಟು ಬಾಗತ್ತೆ ಅಂತ ಹೇಳೋ ನಿನ್ನ ಸ್ನೆಲ್ ನಿಯಮದಿಂದ್ಲೇ ಬರತ್ತೆ ಇದು. ಹಾಳೆ ಮೇಲೆ ಒಂದು ಅಣಬೆಯಾಕಾರದ ಉಪ್ಪು ಬರೆದು ಮೇಲಿಂದ ಹತ್ತು ಗೆರೆ ಎಳಿ, ಪ್ರತಿ ಅಂಚಲ್ಲೂ ಕೋನ ಲೆಕ್ಕ ಹಾಕಿ ಬಗ್ಗಿಸ್ತಾ ಹೋಗು, ಕೆಳಗೆ ಯಾವ ಜಾಗಕ್ಕೆ ಒಂದೂ ಗೆರೆ ಬೀಳಲ್ವೋ ಅಲ್ಲಿ ಗುರುತು ಹಾಕು.