ಓದಬಹುದು, ಒಯ್ಯುವಂತಿಲ್ಲ

ಅಮೆರಿಕದ ಯಾವುದಾದರೂ ಕಾನೂನು ಗ್ರಂಥಾಲಯದಲ್ಲಿ ಕಾಯ್ದೆಗಳ ದಪ್ಪ ಸಂಪುಟವೊಂದನ್ನು ಕಪಾಟಿನಿಂದ ಇಳಿಸಿ ಹಿಂದಿನ ರಟ್ಟು ತೆರೆದರೆ ಅಲ್ಲೊಂದು ಸೀಳು ಕಾಣುತ್ತದೆ. ಸೀಳಿನೊಳಗೆ ತೆಳ್ಳನೆಯ ಪುಸ್ತಿಕೆಯೊಂದನ್ನು ಸಿಕ್ಕಿಸಿರುತ್ತಾರೆ. ‘ಪಾಕೆಟ್ ಪಾರ್ಟ್’ ಎಂದು ಅದರ ಹೆಸರು. ಸಂಪುಟ ಅಚ್ಚಾದ ಮೇಲೆ ಬಂದ ತಿದ್ದುಪಡಿಗಳು, ಹೊಸ ತೀರ್ಪುಗಳು ಎಲ್ಲ ಅದರಲ್ಲಿರುತ್ತವೆ. ಹೊಸದು ಬಂದಾಗ ಸಿಬ್ಬಂದಿ ಹಳೆಯದನ್ನು ಕಿತ್ತು ಇದನ್ನು ಸಿಕ್ಕಿಸುತ್ತಾರೆ. ಆ ಹೊತ್ತಿಗೆ ಸಂಪುಟ ಯಾರದೋ ಮನೆಯ ಮೇಜಿನ ಮೇಲಿದ್ದರೆ, ಓದುತ್ತಿರುವವರು ರದ್ದಾದ ಕಲಮನ್ನೇ ನಂಬಿಕೊಂಡು ಕೂತಿರುತ್ತಾರೆ.

ಸರ್ಕಾರಿ ಕಾನೂನು ಗ್ರಂಥಾಲಯಕ್ಕೆ ಮೊದಲ ಸಲ ಹೋದವರು ಕೇಳುವುದು ಎರಡೇ ಪ್ರಶ್ನೆ: ನಾನು ಒಳಗೆ ಬರಬಹುದೇ? ಪುಸ್ತಕ ಮನೆಗೆ ಕೊಡುತ್ತೀರಾ? ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ, ಆದರೆ ಎರಡರ ಚರಿತ್ರೆ ಬೇರೆ ಬೇರೆ. ಮೊದಲನೆಯದಕ್ಕೆ ಉತ್ತರ ಇನ್ನೂರು ವರ್ಷಗಳಲ್ಲಿ ನಿಧಾನವಾಗಿ ‘ಬನ್ನಿ’ ಎಂದಾಯಿತು. ಎರಡನೆಯದಕ್ಕೆ ಬಹಳ ಕಡೆ ಇವತ್ತಿಗೂ ‘ಇಲ್ಲ’ ಎಂದೇ ಉತ್ತರ.

ಕಾನೂನು ಪುಸ್ತಕಗಳನ್ನು ಮೊದಲು ಒಂದೆಡೆ ಕೂಡಿಸಿಟ್ಟವರು ವಕೀಲರು, ತಮ್ಮ ಕಸುಬಿಗಾಗಿ. ಲಂಡನ್ನಿನ ವಕೀಲರ ಸಂಘವಾದ ಲಿಂಕನ್ಸ್ ಇನ್‌ನ ಗ್ರಂಥಾಲಯದ ಉಲ್ಲೇಖ ಹದಿನೈದನೇ ಶತಮಾನದಷ್ಟು ಹಿಂದೆಯೇ ಸಿಗುತ್ತದೆ. ಅದು ಇಂದಿಗೂ ಸದಸ್ಯರ ಸ್ವತ್ತು. ಫಿಲಡೆಲ್ಫಿಯಾದ ವಕೀಲರು 1802ರಲ್ಲಿ ಕಟ್ಟಿದ ಗ್ರಂಥಾಲಯವೂ ಸದಸ್ಯರಿಗಾಗಿಯೇ ಇತ್ತು. ಎಡಿನ್‌ಬರೊದ ಅಡ್ವೊಕೇಟ್ಸ್ ಲೈಬ್ರರಿಯದು ಇನ್ನೂ ಸೊಗಸಾದ ಕಥೆ. 1689ರಲ್ಲಿ ಬಾಗಿಲು ತೆರೆದ ಈ ಖಾಸಗಿ ಗ್ರಂಥಾಲಯಕ್ಕೆ 1710ರ ಹಕ್ಕುಸ್ವಾಮ್ಯ ಕಾಯ್ದೆ, ಅಚ್ಚಾದ ಪುಸ್ತಕಗಳ ಪ್ರತಿಯನ್ನು ಪುಕ್ಕಟೆ ಪಡೆಯುವ ಹಕ್ಕು ಕೊಟ್ಟಿತು. ಖಾಸಗಿ ಕಪಾಟಿಗೆ ರಾಷ್ಟ್ರದ ಪುಸ್ತಕ! 1925ರಲ್ಲಿ ಕಾನೂನೇತರ ಪುಸ್ತಕಗಳನ್ನೆಲ್ಲ ಬಿಟ್ಟುಕೊಟ್ಟಾಗ ಅವುಗಳಿಂದ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹುಟ್ಟಿತು. ಕಾನೂನು ಪುಸ್ತಕಗಳನ್ನು ಮಾತ್ರ ವಕೀಲರು ತಮ್ಮಲ್ಲೇ ಉಳಿಸಿಕೊಂಡರು.

ಸರ್ಕಾರದ ದುಡ್ಡಿನಲ್ಲಿ ನಡೆದ ಗ್ರಂಥಾಲಯಗಳೂ ಮೊದಲಿಗೆ ಹೆಚ್ಚು ಉದಾರಿಗಳೇನಾಗಿರಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1800ರಲ್ಲಿ ಶುರುವಾದದ್ದು ಸಂಸದರಿಗಾಗಿ. ಅದನ್ನು ಬಳಸಲು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೇ 1812ರಲ್ಲಿ ಅನುಮತಿ ಸಿಕ್ಕಿತು. 1832ರ ಜುಲೈ 14ರಂದು ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸಹಿ ಹಾಕಿದ ಮೇಲೆ ಕಾನೂನು ವಿಭಾಗ ಪ್ರತ್ಯೇಕವಾಯಿತು. ಆಗ ಅಲ್ಲಿದ್ದದ್ದು 2,011 ಪುಸ್ತಕ. ಈಗ ಅದು ಜಗತ್ತಿನ ಅತಿ ದೊಡ್ಡ ಕಾನೂನು ಗ್ರಂಥಾಲಯ. ಹದಿನಾರು ದಾಟಿದ ಯಾರೇ ಆದರೂ ಓದುಗರ ಕಾರ್ಡ್ ಮಾಡಿಸಿ ಒಳಗೆ ಕೂತು ಓದಬಹುದು. ಪುಸ್ತಕವನ್ನು ಹೊರಗೆ ಒಯ್ಯುವ ಸೌಲಭ್ಯ ಸಾಮಾನ್ಯ ಓದುಗರಿಗಿಲ್ಲ.

ನನ್ನ ಲೆಕ್ಕದಲ್ಲಿ, ಬಾಗಿಲನ್ನು ನಿಜವಾಗಿ ತೆರೆಸಿದ್ದು ಆದರ್ಶಕ್ಕಿಂತ ಹೆಚ್ಚಾಗಿ ದುಡ್ಡಿನ ಮೂಲ. ಕ್ಯಾಲಿಫೋರ್ನಿಯಾ 1891ರಲ್ಲಿ ಕೌಂಟಿಗೊಂದು (ನಮ್ಮ ಜಿಲ್ಲೆಯಂಥ ಆಡಳಿತ ಘಟಕಕ್ಕೊಂದು) ಕಾನೂನು ಗ್ರಂಥಾಲಯವೆಂಬ ಕಾಯ್ದೆ ಮಾಡಿತು. ಖರ್ಚಿಗೆ ತೋರಿಸಿದ ದಾರಿ ಜಾಣತನದ್ದು: ಸಿವಿಲ್ ದಾವೆ ಹೂಡುವಾಗ ಕಟ್ಟುವ ಶುಲ್ಕದಲ್ಲಿ ಒಂದು ಪಾಲು ಗ್ರಂಥಾಲಯಕ್ಕೆ. ಕೋರ್ಟ್ ಮೆಟ್ಟಿಲು ಹತ್ತಿದ ಕಕ್ಷಿದಾರರೇ ಪುಸ್ತಕದ ದುಡ್ಡು ಕಟ್ಟುತ್ತಿರುವಾಗ ಅವರನ್ನು ಬಾಗಿಲಲ್ಲಿ ತಡೆಯುವುದು ಹೇಗೆ? ನ್ಯಾಯಾಧೀಶರು ಮತ್ತು ವಕೀಲರ ಜೊತೆಗೆ ಕೌಂಟಿಯ ಎಲ್ಲ ನಿವಾಸಿಗಳಿಗೂ ಅಲ್ಲಿ ಕೂತು ಓದುವುದು ಉಚಿತ ಎಂದು ಆ ರಾಜ್ಯದ ಕಾನೂನೇ ಹೇಳುತ್ತದೆ. ಆದರೆ ಅದು ಕೂತು ಓದುವ ಮಾತು. ಎರವಲಿನ ಮಾತು ಬಂದ ಕೂಡಲೇ ಠೇವಣಿ, ಸದಸ್ಯತ್ವ, ವಕೀಲರಿಗೆ ಆದ್ಯತೆ ಎಲ್ಲ ಒಂದೊಂದಾಗಿ ಇಣುಕುತ್ತವೆ. ಈ ನಿಯಮಗಳನ್ನು ಬರೆಯುವುದು ಆಯಾ ಗ್ರಂಥಾಲಯದ ಟ್ರಸ್ಟಿಗಳು, ಟ್ರಸ್ಟಿಗಳಲ್ಲಿ ಹೆಚ್ಚಿನವರು ನ್ಯಾಯಾಧೀಶರು ಮತ್ತು ವಕೀಲರು. ಇನ್ನೊಂದು ತೊಡಕೂ ಇದೆ. ದಾವೆಗಳ ಸಂಖ್ಯೆ ಇಳಿದ ವರ್ಷ ಗ್ರಂಥಾಲಯದ ಆದಾಯವೂ ಇಳಿಯುತ್ತದೆ, ಪುಸ್ತಕದ ಬೆಲೆ ಮಾತ್ರ ಇಳಿಯುವುದಿಲ್ಲ.

ಫೆಡರಲ್ ಸರ್ಕಾರದ ನಿಯಮದಲ್ಲಿ ಒಂದು ತಮಾಷೆಯಿದೆ. ಸರ್ಕಾರಿ ಪ್ರಕಟಣೆಗಳನ್ನು ಪುಕ್ಕಟೆ ಪಡೆಯುವ ಗ್ರಂಥಾಲಯಗಳು ಅವನ್ನು ಸಾರ್ವಜನಿಕರಿಗೂ ಪುಕ್ಕಟೆ ಓದಲು ಕೊಡಬೇಕು ಎಂಬುದು ಹಳೆಯ ಷರತ್ತು. 1972ರಲ್ಲಿ ರಾಜ್ಯಗಳ ಅತ್ಯುನ್ನತ ನ್ಯಾಯಾಲಯಗಳ ಗ್ರಂಥಾಲಯಗಳನ್ನೂ ಈ ಯೋಜನೆಗೆ ಸೇರಿಸಿದರು, ಸೇರಿಸುವಾಗಲೇ ಆ ಷರತ್ತಿನಿಂದ ಅವಕ್ಕೆ ವಿನಾಯಿತಿಯನ್ನೂ ಕೊಟ್ಟರು. ಪುಸ್ತಕ ಪುಕ್ಕಟೆ ಬರುತ್ತದೆ, ಜನರನ್ನು ಒಳಗೆ ಬಿಡುವುದು ಬಿಡದಿರುವುದು ನ್ಯಾಯಾಲಯದ ಮರ್ಜಿ.

ಅಷ್ಟರಲ್ಲಿ ಒಳಗೆ ಬರುವವರೇ ಬದಲಾಗಿದ್ದರು. ಆರೋಪಿ ವಕೀಲರಿಲ್ಲದೆ ತಾನೇ ವಾದಿಸಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು. ಕೈದಿಗಳಿಗೆ ಸಾಕಷ್ಟು ಕಾನೂನು ಗ್ರಂಥಾಲಯ ಅಥವಾ ಕಾನೂನು ಬಲ್ಲವರ ನೆರವು, ಎರಡರಲ್ಲಿ ಒಂದನ್ನು ಒದಗಿಸಲೇಬೇಕು ಎಂದು 1977ರ ಬೌಂಡ್ಸ್ ಪ್ರಕರಣದಲ್ಲಿ ತೀರ್ಪಿತ್ತಿತು. 1996ರಲ್ಲಿ ಅದೇ ಕೋರ್ಟ್ ಹಿಡಿತ ಬಿಗಿ ಮಾಡಿತು: ಗ್ರಂಥಾಲಯ ತನ್ನಷ್ಟಕ್ಕೇ ಒಂದು ಹಕ್ಕಾಗದು, ಅದಿಲ್ಲದ್ದರಿಂದ ತನ್ನ ಪ್ರಕರಣಕ್ಕೆ ಪೆಟ್ಟು ಬಿತ್ತು ಎಂದು ಕೈದಿ ತೋರಿಸಬೇಕು. ಜೈಲಿನ ಹೊರಗೂ ಕೌಂಟರಿನ ಮುಂದೆ ನಿಲ್ಲುವವರ ಕೈಯಲ್ಲಿ ಮನೆ ಖಾಲಿ ಮಾಡುವ ನೋಟಿಸು, ವಿಚ್ಛೇದನದ ಅರ್ಜಿ, ಸಾಲದ ಸಮನ್ಸು. ‘ಉತ್ತರ ಕೊಡಲು ಐದೇ ದಿನ ಇದೆ, ಏನು ಬರೆಯಲಿ?’ ಎಂದರೆ ಗ್ರಂಥಪಾಲಕರು ನಮೂನೆಗಳ ಪುಸ್ತಕ ತೆಗೆದುಕೊಡಬಲ್ಲರು, ಪುಟವನ್ನೂ ತೋರಿಸಬಲ್ಲರು. ಏನು ಬರೆಯಬೇಕು ಎಂದು ಮಾತ್ರ ಹೇಳುವಂತಿಲ್ಲ. ಅದು ಸಲಹೆಯಾಗುತ್ತದೆ, ಸಲಹೆ ವಕೀಲರ ಕೆಲಸ. ಆಮೇಲೆ ಬರುವ ಪ್ರಶ್ನೆ ಅದೇ: ರಾತ್ರಿ ಮನೆಯಲ್ಲಿ ನಿಧಾನವಾಗಿ ಓದಿ ತರಲೇ?

ಇದಕ್ಕೆ ‘ಇಲ್ಲ’ ಎನ್ನುವುದರ ಹಿಂದೆ ಒಣ ದರ್ಪ ಮಾತ್ರ ಇದೆ ಎಂದುಕೊಂಡರೆ ತಪ್ಪಾದೀತು. ಕಾದಂಬರಿ ಒಂಟಿಯಾಗಿಯೂ ಬದುಕುತ್ತದೆ. ಕೋರ್ಟಿನ ತೀರ್ಪುಗಳನ್ನು ಅಚ್ಚು ಹಾಕಿದ ಸಂಪುಟಗಳು, ಅಂದರೆ ತೀರ್ಪು ವರದಿಗಳು, ಹಾಗಲ್ಲ. ಒಂದು ತೀರ್ಪು ಇನ್ನೊಂದು ಸಂಪುಟದ ತೀರ್ಪನ್ನು ಎತ್ತಿ ಹೇಳುತ್ತದೆ, ಅದು ಮತ್ತೊಂದನ್ನು. ಸಾಲಿನಲ್ಲಿ ಒಂದು ಸಂಪುಟ ಕಾಣೆಯಾದರೂ ಸರಪಳಿ ತುಂಡು. ಬೆಳಿಗ್ಗೆ ವಾದಕ್ಕೆ ನಿಲ್ಲಬೇಕಾದವರಿಗೆ ಪುಸ್ತಕ ಆಗಲೇ ಬೇಕು, ಮುಂದಿನ ವಾರ ಬಂದರೆ ಉಪಯೋಗವಿಲ್ಲ. ಬಿಡಿ ಹಾಳೆಗಳ ಬೈಂಡರುಗಳ ಗೋಳು ಬೇರೆ: ಇಂತಿಂಥ ಪುಟ ತೆಗೆಯಿರಿ, ಇಂತಿಂಥ ಪುಟ ಸೇರಿಸಿ ಎಂಬ ಸೂಚನೆಯೊಡನೆ ಕಟ್ಟುಗಳು ಬರುತ್ತಲೇ ಇರುತ್ತವೆ. ಅದಕ್ಕೇ ರಾಜಿ ಸೂತ್ರಗಳು ಹುಟ್ಟಿದವು. ಮುಚ್ಚುವ ವೇಳೆಗೆ ಒಯ್ದು ಮರುದಿನ ತೆರೆಯುವಾಗ ತರುವುದು, ಕೋರ್ಟ್ ಹಾಲಿಗೆ ಒಯ್ದು ವಾದ ಮುಗಿದ ಕೂಡಲೇ ಮರಳಿಸುವುದು. ಇವುಗಳ ಲಾಭ ಸಿಕ್ಕಿದ್ದು ಹೆಚ್ಚಾಗಿ ವಕೀಲರಿಗೇ. ಪುಸ್ತಕ ತಡವಾದರೆ ಅವರ ವಿಳಾಸ ಗೊತ್ತು, ಪರವಾನಗಿ ಸಂಖ್ಯೆ ಗೊತ್ತು. ಮನೆ ಕಳೆದುಕೊಳ್ಳುವ ಭಯದಲ್ಲಿ ಬಂದವರಿಗೆ ವಿಳಾಸವೇ ಸಮಸ್ಯೆ. ಕಾರಣ ಪುಸ್ತಕದ್ದಾದರೂ ಅದರ ಭಾರ ಬಿದ್ದದ್ದು ಬಡವರ ಮೇಲೆ ಎಂಬುದನ್ನು ಮರೆಮಾಚಬೇಕಿಲ್ಲ.

ಕಂಪ್ಯೂಟರಿನಲ್ಲಿ ಕಾನೂನು ಹುಡುಕುವ ಡೇಟಾಬೇಸುಗಳಾದ ಲೆಕ್ಸಿಸ್ 1973ರಲ್ಲಿ, ವೆಸ್ಟ್‌ಲಾ 1975ರಲ್ಲಿ ಬಂದವು. ಪಾಕೆಟ್ ಪಾರ್ಟ್ ಸಿಕ್ಕಿಸುವ ಕೆಲಸ ಕಮ್ಮಿಯಾಯಿತು, ಜೊತೆಗೆ ಎರವಲಿನ ಅಧಿಕಾರವೂ ಕೈತಪ್ಪಿತು. ಕೊಂಡ ಪುಸ್ತಕವನ್ನು ಯಾರಿಗೆ ಕೊಡಬೇಕು ಎಂಬುದು ಕೊಂಡವರ ಇಷ್ಟ. ಡೇಟಾಬೇಸನ್ನು ಗ್ರಂಥಾಲಯ ಕೊಳ್ಳುವುದಿಲ್ಲ, ಪರವಾನಗಿ ಪಡೆಯುತ್ತದೆ. ಸಾರ್ವಜನಿಕರು ಕಟ್ಟಡದೊಳಗಿನ ಕಂಪ್ಯೂಟರಿನಲ್ಲಿ ಮಾತ್ರ ನೋಡಬಹುದು ಎಂದು ಒಪ್ಪಂದದಲ್ಲಿದ್ದರೆ ಟ್ರಸ್ಟಿಗಳು ಎಷ್ಟೇ ಉದಾರಿಗಳಾದರೂ ಏನೂ ಮಾಡುವಂತಿಲ್ಲ.

ಮೂಲ ಕಾನೂನು ಮಾತ್ರ ಬೇರೆ ದಾರಿಯಲ್ಲಿ ಹೊರಗೆ ಬಂತು. ತೀರ್ಪಿನ ಮಾತುಗಳ ಮೇಲೆ ತೀರ್ಪು ವರದಿಗಳನ್ನು ಪ್ರಕಟಿಸುವವರಿಗೆ ಹಕ್ಕುಸ್ವಾಮ್ಯವಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1834ರಲ್ಲೇ ಹೇಳಿತ್ತು. 2020ರ ಜಾರ್ಜಿಯಾ ಪ್ರಕರಣದಲ್ಲಿ, ರಾಜ್ಯದ ಅಧಿಕೃತ ಸಂಹಿತೆಗೆ ಶಾಸಕಾಂಗದ ಪರವಾಗಿ ಬರೆಸಿದ ಟಿಪ್ಪಣಿಗಳಿಗೂ ಅದೇ ನಿಯಮ ಎಂದು 5–4ರ ಬಹುಮತದಿಂದ ತೀರ್ಮಾನವಾಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ತಾಣ 1992ರಲ್ಲಿ, ಆಸ್ಟ್ರೇಲಿಯಾದ ಉಚಿತ ಕಾನೂನು ತಾಣ ಆಸ್ಟ್‌ಲೈ 1995ರಲ್ಲಿ ಕಾನೂನನ್ನು ಇಂಟರ್ನೆಟ್ಟಿಗೆ ತಂದವು. ಭಾರತದ ಸುಪ್ರೀಂ ಕೋರ್ಟ್ ತನ್ನ ವರದಿಗಳನ್ನು 2023ರ ಜನವರಿಯಲ್ಲಿ ಇ-ಎಸ್‌ಸಿಆರ್ ಹೆಸರಿನಲ್ಲಿ ಉಚಿತವಾಗಿ ತೆರೆದಿಟ್ಟಿತು.

ಹಾಗಾಗಿ ಇವತ್ತು ತೀರ್ಪು ಮೊಬೈಲಿನಲ್ಲಿ ಸಿಗುತ್ತದೆ. ಅದನ್ನು ಬಿಡಿಸಿ ಹೇಳುವ ವ್ಯಾಖ್ಯಾನ, ಅರ್ಜಿಯ ನಮೂನೆ, ಆ ತೀರ್ಪನ್ನು ಮೇಲಿನ ಕೋರ್ಟ್ ಆಮೇಲೆ ತಳ್ಳಿಹಾಕಿದೆಯೇ ಎಂಬ ಸೂಚನೆ, ಇವು ಹೆಚ್ಚಾಗಿ ಇರುವುದು ಕಪಾಟಿನ ದುಬಾರಿ ಸಂಪುಟಗಳಲ್ಲಿ, ಇಲ್ಲವೇ ಪರವಾನಗಿಯ ಆ ಕಂಪ್ಯೂಟರಿನಲ್ಲಿ. ನೋಟಿಸು ಹಿಡಿದು ಬಂದವರು ಕಂಪ್ಯೂಟರಿನ ಮುಂದೆ ಸರದಿ ಕಾದು, ಬೇಕಾದ ಪುಟಗಳನ್ನು ಪ್ರಿಂಟ್ ತೆಗೆದುಕೊಂಡು, ಮುಚ್ಚುವ ಗಂಟೆಗೆ ಎದ್ದು ಹೊರಡುತ್ತಾರೆ.