ಎರಡು ವರ್ಷದ ಒಪ್ಪಂದ, ನಾಲ್ಕು ವರ್ಷದ ಮೈ

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಅಲ್ಲಿಯವರ ಬಾಯಲ್ಲಿ ‘ಫೂಟಿ’. ಅದರಲ್ಲಿ ವೃತ್ತಿ ಶುರುವಾಗುವುದು ನವೆಂಬರಿನ ಡ್ರಾಫ್ಟ್‌ನಿಂದ. ಆ ವರ್ಷದ ಡಿಸೆಂಬರ್ 31ರೊಳಗೆ 18 ತುಂಬುವ ಹುಡುಗರನ್ನು ಈ ಆಟದ ಅತಿ ದೊಡ್ಡ ಲೀಗ್ ಎಎಫ್‌ಎಲ್‌ನ 18 ಕ್ಲಬ್‌ಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಕಳೆದ ಋತುವಿನಲ್ಲಿ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಸರದಿ. ಹುಡುಗನನ್ನು ಯಾರೂ ಕೇಳುವುದಿಲ್ಲ. ಪರ್ತ್‌ನಲ್ಲಿ ಬೆಳೆದವನನ್ನು ಬ್ರಿಸ್ಬೇನ್ ಕರೆದರೆ ಗಂಟುಮೂಟೆ ಕಟ್ಟಿ ಹೊರಡಬೇಕು. ಅಪ್ಪ ಒಂದೇ ಕ್ಲಬ್ಬಿಗೆ 100 ಪಂದ್ಯ ಆಡಿದ್ದರೆ ಆ ಕ್ಲಬ್ಬಿಗೆ ಮಗನ ಮೇಲೆ ಮೊದಲ ಹಕ್ಕು. ಕಾಲಿಂಗ್‌ವುಡ್‌ಗೆ 2021ರಲ್ಲಿ ನಿಕ್ ಡೈಕೋಸ್ ಬಂದದ್ದು ಹಾಗೆ.

ಸಾಮಾನ್ಯವಾಗಿ ಸಿಗುವುದು ಎರಡು ವರ್ಷದ ಒಪ್ಪಂದ. ಮುಂಚೂಣಿಯ ಆಯ್ಕೆಗಳಿಗೆ ಈಚೆಗೆ ಮೂರು. ತೊಡಕು ಇರುವುದೇ ಇಲ್ಲಿ. ಹದಿನೆಂಟರ ಮೈ ಈ ಆಟದ ಭಾರ ಹೊರುವಷ್ಟು ಬಲಿಯಲು ಮೂರು-ನಾಲ್ಕು ವರ್ಷ ಬೇಕು. ಎತ್ತರದ ರಕ್‌ಮನ್‌ಗಳಿಗೆ, ಅಂದರೆ ಆಟ ಶುರುವಾಗುವಾಗ ಚೆಂಡಿಗಾಗಿ ಜಿಗಿಯುವವರಿಗೆ, ಇನ್ನೂ ಹೆಚ್ಚು. ಒಪ್ಪಂದದ ಗಡಿಯಾರ ಮಾತ್ರ ಅದಕ್ಕೆಲ್ಲ ಕಾಯುವುದಿಲ್ಲ.

ಭಾರ ಎಷ್ಟು? ಕ್ರಿಕೆಟ್ ನೋಡುವವರಿಗೆ ಮೆಲ್ಬರ್ನ್‌ನ ಎಂಸಿಜಿ ಮೈದಾನ ಗೊತ್ತೇ ಇದೆ. ಆ ಹಸಿರಷ್ಟೂ ಇವರ ಅಂಗಳ. ಮೈದಾನದಲ್ಲಿ ಒಂದೊಂದು ಕಡೆ 18 ಜನ. ಒಂದೊಂದು ಕಾಲುಭಾಗಕ್ಕೆ ಲೆಕ್ಕದಲ್ಲಿ 20 ನಿಮಿಷ, ನಿಂತ ಹೊತ್ತೂ ಸೇರಿದರೆ ಅರ್ಧ ಗಂಟೆಯ ಹತ್ತಿರ, ಅಂಥವು ನಾಲ್ಕು. ಮಿಡ್‌ಫೀಲ್ಡರ್ ಒಬ್ಬ ಒಂದು ಪಂದ್ಯದಲ್ಲಿ 12ರಿಂದ 15 ಕಿ.ಮೀ. ಓಡುತ್ತಾನೆ. ನಡುನಡುವೆ 90 ಕೆಜಿಯವನು ಬಂದು ಸೊಂಟಕ್ಕೆ ತಬ್ಬಿ ನೆಲಕ್ಕೆ ಕೆಡವುತ್ತಾನೆ.

ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಗಳು ಈ ಭಾರವನ್ನು ಅಳೆಯುವುದಿಲ್ಲ. 20 ಮೀಟರ್ ಓಟ, ನೇರ ಮೇಲಕ್ಕೆ ಜಿಗಿತ, 2 ಕಿ.ಮೀ. ಓಟ ಇವೆಲ್ಲ ಒಂದು ದಿನದ ಲೆಕ್ಕ. ವೃತ್ತಿ ಕೇಳುವುದು ಇಪ್ಪತ್ತಕ್ಕೂ ಹೆಚ್ಚು ವಾರ ಸತತವಾಗಿ ಅದನ್ನೇ ಮಾಡಲು.

ಮೊದಲ ಬೇಸಿಗೆ ತರಬೇತಿಯಲ್ಲೇ ಹೆಚ್ಚು ಹುಡುಗರು ಮುರಿದುಬೀಳುತ್ತಾರೆ. ಶಾಲೆ, ಊರ ಕ್ಲಬ್ ಮುಗಿಸಿ ಬಂದವನ ವಾರದ ಓಟ ಇದ್ದಕ್ಕಿದ್ದಂತೆ ಏರುತ್ತದೆ. ಉಸಿರು ತಾಳಿಕೊಳ್ಳುತ್ತದೆ, ಸ್ನಾಯುವೂ ಹೊಂದಿಕೊಳ್ಳುತ್ತದೆ. ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹಿಂದೆ ಬೀಳುತ್ತವೆ. ಹಾಗಾಗಿ ಕೆಳಬೆನ್ನಿನಲ್ಲಿ, ಪಾದದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು, ತೊಡೆಸಂದಿಯಲ್ಲಿ ಬಿಡದ ನೋವು. ಭುಜದ ಹಲಗೆಗಳ ನಡುವೆ ಸಿಕ್ಕಿಸಿದ ಜಿಪಿಎಸ್ ಓಟವನ್ನು ಮೀಟರ್ ಮೀಟರಾಗಿ ಎಣಿಸುತ್ತದೆ. ಅದನ್ನು ಬಿಚ್ಚಿಟ್ಟ ಮೇಲೆ ಹುಡುಗ ಒಬ್ಬನೇ ಉಳಿದು ಹೊಡೆಯುವ ಎಪ್ಪತ್ತು-ಎಂಬತ್ತು ಒದೆತ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಒದೆತವೂ ಭಾರವೇ. ಒಳ್ಳೆಯ ಕ್ಲಬ್ಬುಗಳು ಅದಕ್ಕೆಂದೇ ಬೇರೆ ಲೆಕ್ಕ ಇಡುತ್ತವೆ.

ಒದೆತವೆಂದರೆ ಮುಖ್ಯವಾಗಿ ಡ್ರಾಪ್ ಪಂಟ್. ಮೊಟ್ಟೆಯಾಕಾರದ ಚೆಂಡನ್ನು ನೆಟ್ಟಗೆ ಹಿಡಿದು, ಒದೆಯುವ ಕಾಲಿನ ಕಡೆಯ ಕೈಯಿಂದಲೇ ಸೊಂಟದ ಮಟ್ಟದಲ್ಲಿ ಕೆಳಗೆ ಬಿಡಬೇಕು. ಚೆಂಡಿನ ಕೆಳತುದಿ ಪಾದದ ಮೇಲ್ಭಾಗದ ಗಟ್ಟಿ ಮೂಳೆಗೆ ತಾಕಿದರೆ ಅದು ಹಿಮ್ಮುಖವಾಗಿ ಸುತ್ತುತ್ತ ನೇರ ಹೋಗುತ್ತದೆ. ತಪ್ಪುವುದು ಕಾಲಲ್ಲ, ಕೈ. ಎದೆಯೆತ್ತರದಿಂದ ಬಿಟ್ಟರೆ ಚೆಂಡು ಗಾಳಿಯಲ್ಲೇ ವಾಲುತ್ತದೆ; ಮೈಗೆ ಅಡ್ಡವಾಗಿ ಬಿಟ್ಟರೆ ಸೊಂಟ ತಿರುಚಿಕೊಳ್ಳುತ್ತದೆ. ಕೊನೆಯ ಕಾಲುಭಾಗದಲ್ಲಿ ದಣಿವು ಮೊದಲು ಕಾಣಿಸುವುದು ಚೆಂಡು ಬಿಡುವ ಕೈಯಲ್ಲೇ.

ಈ ವೃತ್ತಿಯ ನಿತ್ಯದ ಕಾಟ ಹ್ಯಾಮ್‌ಸ್ಟ್ರಿಂಗ್, ತೊಡೆಯ ಹಿಂಬದಿಯ ಸ್ನಾಯು. ಪೂರ್ತಿ ವೇಗದಲ್ಲಿ ಕಾಲು ಮುಂದಕ್ಕೆ ಬೀಸಿ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ, ಇಲ್ಲವೇ ಓಡುತ್ತಲೇ ಬಾಗಿ ಚೆಂಡು ಎತ್ತುವಾಗ ಅದು ಹರಿಯುತ್ತದೆ. ಎಂಆರ್‌ಐನಲ್ಲಿ ನೋಡುವುದು ಎಷ್ಟು ಹರಿದಿದೆ ಎನ್ನುವುದಕ್ಕಿಂತ ಎಲ್ಲಿ ಹರಿದಿದೆ ಎಂದು. ಬರೀ ಮಾಂಸವಾದರೆ ಮೂರು-ನಾಲ್ಕು ವಾರ. ಒಳಗೆ ಹಾದುಹೋಗುವ ರಜ್ಜುವಿಗೂ ತಾಕಿದ್ದರೆ ಅದರ ಎರಡರಷ್ಟು. ಹತ್ತನೆಯ ದಿನದ ಹೊತ್ತಿಗೆ ನೋವು ಹೋಗಿರುತ್ತದೆ, ಅಪಾಯ ಇರುವುದು ಆಗಲೇ. ನೋವಿಲ್ಲ ಎನ್ನುವುದು ವಾಸಿಯಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಪಂದ್ಯಕ್ಕೆ ಮೊದಲು ಅವನದೇ ಗರಿಷ್ಠ ವೇಗದ ಶೇ 90ನ್ನು ದಾಟಿ ಒಂದಕ್ಕಿಂತ ಹೆಚ್ಚು ದಿನ ಓಡಿರಬೇಕು, ದಣಿದ ಮೇಲೂ ಒದ್ದಿರಬೇಕು. ಒಪ್ಪಂದ ಮುಗಿಯುವ ವರ್ಷದಲ್ಲಿರುವ ಹುಡುಗ ಈ ಹಂತಗಳನ್ನು ಹಾರಿಸಲು ನೋಡುತ್ತಾನೆ, ಕಾಲು ಬಿಗಿಯಾಗಿರುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎರಡನೆಯ ಸಲ ಹರಿದರೆ ಅರ್ಧ ಋತು ಹೋಯಿತು.

ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟು ಹರಿದರೆ 9ರಿಂದ 12 ತಿಂಗಳು. ತಲೆಗೆ ಪೆಟ್ಟಾಗಿ ಕನ್ಕಷನ್ ಎಂದು ವೈದ್ಯರು ಹೇಳಿದರೆ 12ನೆಯ ದಿನಕ್ಕಿಂತ ಮೊದಲು ಆಡುವಂತಿಲ್ಲ, ಫೈನಲ್ ಇದ್ದರೂ ಅಷ್ಟೇ. ಮೆಲ್ಬರ್ನ್ ತಂಡದ ಆ್ಯಂಗಸ್ ಬ್ರೇಶಾ 2024ರ ಫೆಬ್ರವರಿಯಲ್ಲಿ, 28ರ ವಯಸ್ಸಿನಲ್ಲಿ, ತಲೆಯ ಪೆಟ್ಟುಗಳ ಕಾರಣದಿಂದಲೇ ವೈದ್ಯರ ಮಾತಿನಂತೆ ಆಟ ಬಿಟ್ಟ. ಮನಸ್ಸಿನ ಭಾರವೂ ಇದೇ ಲೆಕ್ಕಕ್ಕೆ ಸೇರಬೇಕು. 2013ರ ಡ್ರಾಫ್ಟ್‌ನ ಮೊದಲ ಆಯ್ಕೆ ಟಾಮ್ ಬಾಯ್ಡ್ 2016ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಪರ ಗ್ರ್ಯಾಂಡ್ ಫೈನಲ್, ಅಂದರೆ ಋತುವಿನ ಪ್ರಶಸ್ತಿ ಪಂದ್ಯ, ಗೆದ್ದು, 2019ರಲ್ಲಿ 23ಕ್ಕೇ ನಿವೃತ್ತನಾದ.

ಕ್ಲಬ್ಬಿನ ಪಟ್ಟಿಯಲ್ಲಿ ಸುಮಾರು 42 ಹೆಸರು, ಪಂದ್ಯಕ್ಕೆ ಬೇಕಾದವರು 23. ಉಳಿದವರು ವಾರವಾರವೂ ರಾಜ್ಯ ಲೀಗ್‌ಗಳಲ್ಲಿ ಆಡುತ್ತಾರೆ. ಪ್ರತಿ ನವೆಂಬರಿನಲ್ಲೂ ಹೊಸಬರು ಬರುವುದರಿಂದ ಅಷ್ಟೇ ಜನ ಹೊರಗೆ ಹೋಗಲೇಬೇಕು. ಎಂಟು ವರ್ಷ ಒಂದೇ ಕ್ಲಬ್ಬಿನಲ್ಲಿ ಉಳಿದವನಿಗೆ 2012ರಿಂದ ಫ್ರೀ ಏಜೆನ್ಸಿಯ, ಅಂದರೆ ಒಪ್ಪಂದ ಮುಗಿದಾಗ ಬೇರೆ ಕ್ಲಬ್ಬನ್ನು ತಾನೇ ಆರಿಸಿಕೊಳ್ಳುವ, ದಾರಿ ತೆರೆಯಿತು. ಹಾಥಾರ್ನ್ ಕ್ಲಬ್ ಬಿಟ್ಟ ಲ್ಯಾನ್ಸ್ ಫ್ರಾಂಕ್ಲಿನ್ ಸಿಡ್ನಿ ಕ್ಲಬ್ಬಿನಲ್ಲಿ ಒಂಬತ್ತು ವರ್ಷಕ್ಕೆ ಒಂದು ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡದ್ದು ಹೀಗೆ. ಎಂಟು ವರ್ಷ ಉಳಿಯುವುದೇ ದೊಡ್ಡದು ಎನ್ನುವುದು ಬೇರೆ ಮಾತು. ಕೊನೆ ಯಾವಾಗ ಎಂದು ತೀರ್ಮಾನಿಸುವ ಹಕ್ಕು ಹಳಬರಿಗೂ ಇಲ್ಲ. ಆವರೆಗಿನ ದಾಖಲೆಯಾದ 432 ಪಂದ್ಯ ಆಡಿದ ಬ್ರೆಂಟ್ ಹಾರ್ವಿಗೆ ಇನ್ನೂ ಆಡುವ ಮನಸ್ಸಿತ್ತು. ನಾರ್ತ್ ಮೆಲ್ಬರ್ನ್ 2016ರಲ್ಲಿ ಮುಂದಿನ ವರ್ಷಕ್ಕೆ ಒಪ್ಪಂದ ಇಲ್ಲವೆಂದಿತು.

ಹಾಗಾಗಿ ತರಬೇತಿ ಇಲ್ಲದ ವಾರದ ಒಂದು ದಿನವನ್ನು ಓದಿಗೋ ಕೈಕಸುಬಿಗೋ ಮೀಸಲಿಡುವುದು ಮೊದಲ ವರ್ಷದಿಂದಲೇ ಆಗಬೇಕು. ಇಪ್ಪತ್ತಕ್ಕೆ ಪಟ್ಟಿಯಿಂದ ಬಿದ್ದವನು ಆಟ ಬಿಡಬೇಕೆಂದೇನೂ ಇಲ್ಲ. ಮೈ ಬಲಿಯುವುದು ಆಮೇಲೆಯೇ. ಅಂಥವನು ರಾಜ್ಯ ಲೀಗ್‌ನಲ್ಲಿ ಕೆಲಸದ ಜೊತೆಗೇ ಆಡುತ್ತಿದ್ದರೆ, 2019ರಲ್ಲಿ ಮತ್ತೆ ಶುರುವಾದ ಋತುಮಧ್ಯದ ಡ್ರಾಫ್ಟ್ ಅವನಿಗೂ ಒಂದು ಬಾಗಿಲು. ಆ ವರ್ಷ ಮೇ ತಿಂಗಳಲ್ಲಿ ರಿಚ್‌ಮಂಡ್ ಪಶ್ಚಿಮ ಆಸ್ಟ್ರೇಲಿಯಾದ ಲೀಗ್‌ನಿಂದ ಮಾರ್ಲಿಯನ್ ಪಿಕೆಟ್‌ನನ್ನು ಆರಿಸಿಕೊಂಡಿತು. ಆ ಹೊತ್ತಿಗೆ ಅವನಿಗೆ 27, ಬೆರಳು ಬೇರೆ ಮುರಿದಿತ್ತು. ಎಎಫ್‌ಎಲ್‌ನಲ್ಲಿ ಅವನ ಮೊದಲ ಪಂದ್ಯವೇ ಸೆಪ್ಟೆಂಬರಿನ ಗ್ರ್ಯಾಂಡ್ ಫೈನಲ್. ರಿಚ್‌ಮಂಡ್ 89 ಅಂಕಗಳಿಂದ ಗೆದ್ದಿತು.